ಪ್ಯಾಕೇಜ್ ಒಂದು, ಪ್ರೊಸೆಸರ್ ಹಲವು: ಲಿಂಟಿಯನ್ ಎಚ್ಚರಿಕೆಗಳನ್ನು ಓದುವ ಬಗೆ

ಗ್ರಂಥಾಲಯವೊಂದರ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಗಣಕದ ಮುಂದೆ ಕುಳಿತಿದ್ದ ಗ್ರಂಥಪಾಲಕರು ನನಗೊಂದು ಫೋಟೊ ಕಳಿಸಿದರು. ಕಪ್ಪು ಟರ್ಮಿನಲ್, ಅದರ ಕೊನೆಯ ಸಾಲಿನಲ್ಲಿ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಕಡತಗಳನ್ನು ಯೂನಿಕೋಡ್‌ಗೆ ತರುವ ಪುಟ್ಟ ತಂತ್ರಾಂಶವೊಂದನ್ನು ನಾನು ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ ಪ್ಯಾಕೇಜಾಗಿ ಕಟ್ಟಿ ಅವರಿಗೆ ಕೊಟ್ಟಿದ್ದೆ. ಅದರ ಬಹುಪಾಲು ಪೈಥಾನ್. ವೇಗಕ್ಕೆಂದು ಸಿ ಭಾಷೆಯಲ್ಲಿ ಬರೆದ ಒಂದು ಸಣ್ಣ ಪ್ರೋಗ್ರಾಂ ಕೂಡ ಒಳಗಿತ್ತು. ಪೈಥಾನ್ ಎಲ್ಲ ಕಡೆ ಓಡುತ್ತದೆಂದು ನಂಬಿ ಪ್ಯಾಕೇಜಿಗೆ ‘ಆಲ್’ ಎಂಬ ಚೀಟಿ ಅಂಟಿಸಿದ್ದೆ. ಆದರೆ ಸಿ ಪ್ರೋಗ್ರಾಂ ನನ್ನ ಲ್ಯಾಪ್‌ಟಾಪಿನ ಇಂಟೆಲ್ ಪ್ರೊಸೆಸರ್‌ಗೆ ಕಂಪೈಲ್ ಆಗಿತ್ತು, ಪೈ ಒಳಗಿರುವುದು ಆರ್ಮ್ ಪ್ರೊಸೆಸರ್. ಪ್ಯಾಕೇಜನ್ನು ತಪಾಸಣೆ ಮಾಡುವ ಲಿಂಟಿಯನ್ ಎಂಬ ಸಾಧನ ನನಗೆ ಇದನ್ನು ಮೊದಲೇ ಹೇಳಿತ್ತು. ಆ ಎಚ್ಚರಿಕೆಯನ್ನು ಸರಿಯಾಗಿ ಓದದೆ, ವಿನಾಯಿತಿ ಕಡತಕ್ಕೆ ಒಂದು ಸಾಲು ಸೇರಿಸಿ ಅದರ ಬಾಯಿ ಮುಚ್ಚಿಸಿದ್ದೆ.

ಪ್ಯಾಕೇಜ್ ಕಟ್ಟಲು ಈಗಷ್ಟೇ ಕೈ ಹಾಕಿದವರಿಗೆ ಈ ಮಾರ್ಗದರ್ಶಿ. ಲಿಂಟಿಯನ್ 1998ರಲ್ಲಿ ಹುಟ್ಟಿದ, ಪರ್ಲ್ ಭಾಷೆಯಲ್ಲಿ ಬರೆದ ತಪಾಸಣಾ ಸಾಧನ. ಡೆಬಿಯನ್ ಪ್ಯಾಕೇಜನ್ನು ಬಿಚ್ಚಿ, ನಿಯಮಕ್ಕೆ ಹೊಂದದ್ದನ್ನು ಸಾಲುಸಾಲಾಗಿ ಹೇಳುತ್ತದೆ. ಬೇರೆ ಬೇರೆ ಪ್ರೊಸೆಸರ್‌ಗಳ ವಿಷಯದಲ್ಲಿ ಅದಕ್ಕೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದು ತಿಳಿದರೆ ಕೆಲಸ ಅರ್ಧ ಮುಗಿದಂತೆ. ಆದೇಶಗಳ ಹೆಸರನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಬೇಕು.

ಮೊದಲ ಹೆಜ್ಜೆ: ನಿಮ್ಮ ಯಂತ್ರದ ಹೆಸರು ತಿಳಿಯಿರಿ

ಪ್ಯಾಕೇಜುಗಳನ್ನು ಅಳವಡಿಸುವ ಡಿಪಿಕೆಜಿ ಆದೇಶಕ್ಕೆ ‘ಪ್ರಿಂಟ್-ಆರ್ಕಿಟೆಕ್ಚರ್’ ಎಂಬ ಆಯ್ಕೆ ಕೊಡಿ. ಸಾಮಾನ್ಯ ಲ್ಯಾಪ್‌ಟಾಪ್ ಆದರೆ ‘ಎಎಂಡಿ64’ ಎಂದು ಉತ್ತರ ಬರುತ್ತದೆ. ಒಳಗಿರುವುದು ಇಂಟೆಲ್ ಚಿಪ್ ಆದರೂ ಹೆಸರು ಅದೇ. 64 ಬಿಟ್‌ನ ಈ ವಿಸ್ತರಣೆಯನ್ನು ಮೊದಲು ತಂದದ್ದು ಎಎಂಡಿ ಆದ್ದರಿಂದ ಡೆಬಿಯನ್ ಆ ಹೆಸರನ್ನು ಇಟ್ಟುಕೊಂಡಿದೆ. ಇದೇ ಯಂತ್ರದಲ್ಲಿ ‘ಯುನೇಮ್’ ಆದೇಶಕ್ಕೆ ಚಿಕ್ಕ ‘ಎಂ’ ಆಯ್ಕೆ ಕೊಟ್ಟರೆ ಲಿನಕ್ಸ್‌ನ ತಿರುಳಾದ ಕರ್ನೆಲ್ ‘ಎಕ್ಸ್86_64’ ಎನ್ನುತ್ತದೆ. 64 ಬಿಟ್ ಆರ್ಮ್‌ಗೆ ಕರ್ನೆಲ್ ಹೇಳುವ ಹೆಸರು ‘ಎಆರ್ಚ್64’, ಡೆಬಿಯನ್ ಹೇಳುವುದು ‘ಆರ್ಮ್64’. ಪ್ಯಾಕೇಜಿನ ವಿವರ ಬರೆಯುವ ಕಂಟ್ರೋಲ್ ಕಡತದಲ್ಲಿ ಕರ್ನೆಲ್ ಹೆಸರು ಬರೆದರೆ ಲಿಂಟಿಯನ್ ಅದನ್ನು ಗೊತ್ತಿಲ್ಲದ ಆರ್ಕಿಟೆಕ್ಚರ್, ಅಂದರೆ ಗೊತ್ತಿಲ್ಲದ ಪ್ರೊಸೆಸರ್ ಬಗೆ, ಎಂದು ದೂರುತ್ತದೆ. ಹೊಸಬರು ಮೊದಲು ಎಡವುವುದು ಇಲ್ಲೇ.

2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 13, ಅಂದರೆ ಟ್ರಿಕ್ಸಿ, ಅಧಿಕೃತವಾಗಿ ಏಳು ಆರ್ಕಿಟೆಕ್ಚರ್‌ಗಳಿಗೆ ಸಿಗುತ್ತದೆ: ಎಎಂಡಿ64, ಆರ್ಮ್64, ಆರ್ಮ್‌ಇಎಲ್, ಆರ್ಮ್‌ಎಚ್‌ಎಫ್, ಪಿಪಿಸಿ64ಇಎಲ್, ರಿಸ್ಕ್‌ವಿ64, ಎಸ್390ಎಕ್ಸ್. ರಿಸ್ಕ್‌ವಿ64 ಈ ಪಟ್ಟಿಗೆ ಬಂದದ್ದು ಇದೇ ಆವೃತ್ತಿಯಲ್ಲಿ. ಹಳೆಯ 32 ಬಿಟ್ ಪಿಸಿಗಳ ಐ386 ಪೂರ್ಣ ಸ್ಥಾನ ಕಳೆದುಕೊಂಡದ್ದೂ ಇದರಲ್ಲೇ. ಕೊನೆಯ ಎಸ್390ಎಕ್ಸ್ ಐಬಿಎಂನ ಮೇನ್‌ಫ್ರೇಮ್. ಅದರ ಹೆಸರನ್ನು ನೆನಪಿನಲ್ಲಿಡಿ, ಮುಂದೆ ಬರುತ್ತದೆ.

ಎರಡನೆಯ ಹೆಜ್ಜೆ: ಚೀಟಿಯನ್ನು ಯೋಚಿಸಿ ಅಂಟಿಸಿ

ಕಂಟ್ರೋಲ್ ಕಡತದಲ್ಲಿ ‘ಆರ್ಕಿಟೆಕ್ಚರ್’ ಎಂಬ ಸಾಲು ಇರಲೇಬೇಕು. ‘ಆಲ್’ ಎಂದರೆ ಒಳಗಿರುವುದು ಎಲ್ಲ ಯಂತ್ರಗಳಲ್ಲೂ ಒಂದೇ, ಒಮ್ಮೆ ಕಟ್ಟಿದರೆ ಸಾಕು. ‘ಎನಿ’ ಎಂದರೆ ಎಲ್ಲ ಯಂತ್ರಗಳಲ್ಲೂ ಕಟ್ಟಬಹುದು, ಆದರೆ ಪ್ರತಿಯೊಂದಕ್ಕೂ ಬೇರೆ ಬೇರೆಯಾಗಿ ಕಟ್ಟಬೇಕು. ಈ ಎರಡು ಪದಗಳ ವ್ಯತ್ಯಾಸ ತಿಳಿಯದೆ ಆಗುವ ತಪ್ಪುಗಳೇ ಹೆಚ್ಚು. ಇವಲ್ಲದೆ ನಿರ್ದಿಷ್ಟ ಹೆಸರುಗಳ ಪಟ್ಟಿ ಕೊಡಬಹುದು; ‘ಲಿನಕ್ಸ್-ಎನಿ’ಯಂಥ ಗುಂಪಿನ ಹೆಸರುಗಳೂ ನಡೆಯುತ್ತವೆ.

ಕನ್ನಡದ ಉದಾಹರಣೆಗಳಿಂದಲೇ ನೋಡೋಣ. ಡೆಬಿಯನ್‌ನಲ್ಲಿ ಗುಬ್ಬಿ, ನವಿಲು ಎಂಬ ಕನ್ನಡ ಫಾಂಟ್‌ಗಳ ಪ್ಯಾಕೇಜ್‌ಗಳಿವೆ. ಅಕ್ಷರದ ಆಕಾರ ಪ್ರೊಸೆಸರ್ ನೋಡಿ ಬದಲಾಗುವುದಿಲ್ಲ, ಹಾಗಾಗಿ ಅವು ‘ಆಲ್’. ಕಾಗುಣಿತ ತಿದ್ದುವ ಆಸ್ಪೆಲ್‌ನ ಕನ್ನಡ ನಿಘಂಟಿನ ಕಥೆ ಇನ್ನೂ ಸ್ವಾರಸ್ಯದ್ದು. ಪದಪಟ್ಟಿ ಬರಿಯ ಪಠ್ಯ, ಎಲ್ಲ ಕಡೆಗೂ ಒಂದೇ. ಆದರೆ ಬೇಗ ಹುಡುಕಲು ಆಸ್ಪೆಲ್ ಅದರಿಂದ ತಯಾರಿಸಿಕೊಳ್ಳುವ ಹ್ಯಾಶ್ ಕಡತದ ರೂಪ ಯಂತ್ರವನ್ನು ಅವಲಂಬಿಸುತ್ತದೆ. ಆದ್ದರಿಂದ ಪ್ಯಾಕೇಜಿನಲ್ಲಿ ಪದಪಟ್ಟಿ ಮಾತ್ರ ಇಟ್ಟು, ಹ್ಯಾಶನ್ನು ಬಳಕೆದಾರರ ಯಂತ್ರದಲ್ಲೇ ಅಳವಡಿಕೆಯ ಹೊತ್ತಿಗೆ ಕಟ್ಟುವುದು ಡೆಬಿಯನ್‌ನ ಪದ್ಧತಿ. ಆಸ್ಪೆಲ್ ನಿಘಂಟಿನ ಪ್ಯಾಕೇಜಿಗೆ ‘ಆಲ್’ ಬಿಟ್ಟು ಬೇರೆ ಚೀಟಿ ಇದ್ದರೆ ಹೇಳಲೆಂದೇ ಲಿಂಟಿಯನ್‌ನಲ್ಲಿ ಪ್ರತ್ಯೇಕ ಎಚ್ಚರಿಕೆ ಇದೆ. ಯಾವುದು ಎಲ್ಲರಿಗೂ ಸಮಾನ, ಯಾವುದು ಯಂತ್ರಕ್ಕೆ ಸೇರಿದ್ದು ಎಂದು ಬೇರ್ಪಡಿಸಿ ನೋಡುವ ಈ ಕ್ರಮವನ್ನು ನಿಮ್ಮ ಪ್ಯಾಕೇಜಿಗೂ ಅನ್ವಯಿಸಿ.

ನನ್ನ ಪ್ಯಾಕೇಜಿಗೆ ಬೇಕಿದ್ದದ್ದೂ ಅದೇ. ಒಂದನ್ನು ಒಡೆದು ಎರಡು ಮಾಡಬೇಕಿತ್ತು: ಪೈಥಾನ್ ಭಾಗ ‘ಆಲ್’, ಸಿ ಪ್ರೋಗ್ರಾಂ ‘ಎನಿ’. ಹೀಗೆ ಒಡೆದಾಗ ಇನ್ನೊಂದು ಬಲೆ ಎದುರಾಗುತ್ತದೆ. ‘ಆಲ್’ ಪ್ಯಾಕೇಜು ‘ಎನಿ’ ಪ್ಯಾಕೇಜಿನ ಅದೇ ಆವೃತ್ತಿಯೇ ಬೇಕೆಂದು ಸಮ ಚಿಹ್ನೆ ಹಾಕಿ ಕೇಳಿದರೆ ಲಿಂಟಿಯನ್ ‘ನಾಟ್-ಬಿನ್‌ಎನ್‌ಎಂಯುಏಬಲ್’ ಎಂದು ಶುರುವಾಗುವ ಎಚ್ಚರಿಕೆ ಕೊಡುತ್ತದೆ. ಮೂಲದಲ್ಲಿ ಏನನ್ನೂ ಮುಟ್ಟದೆ ಒಂದು ಆರ್ಕಿಟೆಕ್ಚರ್‌ಗೆ ಮಾತ್ರ ಪ್ಯಾಕೇಜನ್ನು ಮತ್ತೆ ಕಟ್ಟುವ ಪದ್ಧತಿ ಡೆಬಿಯನ್‌ನಲ್ಲಿದೆ. ಆಗ ಆವೃತ್ತಿಯ ತುದಿಗೆ ‘+ಬಿ1’ ಸೇರುತ್ತದೆ. ‘ಆಲ್’ ಭಾಗ ಮತ್ತೆ ಕಟ್ಟಲ್ಪಡುವುದಿಲ್ಲವಾದ್ದರಿಂದ ಹಳೆಯ ಸಂಖ್ಯೆಯನ್ನೇ ಕೇಳುತ್ತಾ ಕೂರುತ್ತದೆ, ಅಳವಡಿಕೆ ಮುರಿಯುತ್ತದೆ. ಪರಿಹಾರ ಸುಲಭ: ಬೈನರಿ, ಅಂದರೆ ಕಟ್ಟಿದ ಪ್ಯಾಕೇಜಿನ, ಆವೃತ್ತಿಗೆ ಸಮ ಎನ್ನುವ ಬದಲು, ಮೂಲ ಆವೃತ್ತಿ ಅಥವಾ ಅದಕ್ಕಿಂತ ಹೊಸದು ಎಂದು ಬರೆಯಿರಿ.

ಮೂರನೆಯ ಹೆಜ್ಜೆ: ಲಿಂಟಿಯನ್ ಓಡಿಸಿ

‘ಡಿಪಿಕೆಜಿ-ಬಿಲ್ಡ್‌ಪ್ಯಾಕೇಜ್’ ಮುಗಿದ ಮೇಲೆ ಮೇಲಿನ ಫೋಲ್ಡರಿನಲ್ಲಿ ‘ಚೇಂಜಸ್’ ಎಂದು ಕೊನೆಯಾಗುವ ಕಡತ ಇರುತ್ತದೆ. ಕಟ್ಟಿದ ಪ್ಯಾಕೇಜಾದ ಒಂಟಿ ಡೆಬ್ ಕಡತದ ಬದಲು ಇದನ್ನೇ ಲಿಂಟಿಯನ್‌ಗೆ ಕೊಡಿ. ಆಗ ಮೂಲ ಮತ್ತು ಬೈನರಿ ಪ್ಯಾಕೇಜ್‌ಗಳನ್ನು ಒಂದು ಗುಂಪಾಗಿ ನೋಡುತ್ತದೆ. ಚಿಕ್ಕ ‘ಐ’ ಆಯ್ಕೆ ಕೊಟ್ಟರೆ ಪ್ರತಿ ಎಚ್ಚರಿಕೆಯ ಕೆಳಗೆ ವಿವರಣೆ ಬರುತ್ತದೆ. ದೊಡ್ಡಕ್ಷರದ ‘ಐ’ ಕೊಟ್ಟರೆ ಮಾಹಿತಿ ಮಟ್ಟದ ಸಾಲುಗಳೂ ಕಾಣುತ್ತವೆ. ಎರಡನ್ನೂ ಕೊಡಿ. ಸಾಲಿನ ಮೊದಲ ಅಕ್ಷರ ‘ಇ’ ಇದ್ದರೆ ದೋಷ, ‘ಡಬ್ಲ್ಯೂ’ ಇದ್ದರೆ ಎಚ್ಚರಿಕೆ, ‘ಐ’ ಇದ್ದರೆ ಮಾಹಿತಿ. ನಂತರ ಪ್ಯಾಕೇಜಿನ ಹೆಸರು, ಎಚ್ಚರಿಕೆಯ ಹೆಸರು, ತಪ್ಪು ಯಾವ ಕಡತದಲ್ಲಿದೆ ಎಂಬುದು.

ಆರ್ಮ್64ಗೆಂದು ಕಟ್ಟಿದ ಪ್ಯಾಕೇಜನ್ನು ಎಎಂಡಿ64 ಲ್ಯಾಪ್‌ಟಾಪಿನಲ್ಲಿ ತಪಾಸಣೆ ಮಾಡಬಹುದೇ ಎಂದು ಹಲವರು ಕೇಳುತ್ತಾರೆ. ಧಾರಾಳವಾಗಿ ಮಾಡಬಹುದು. ಲಿಂಟಿಯನ್ ಪ್ಯಾಕೇಜನ್ನು ಅಳವಡಿಸುವುದಿಲ್ಲ, ಒಳಗಿನ ಪ್ರೋಗ್ರಾಂಗಳನ್ನು ಓಡಿಸುವುದೂ ಇಲ್ಲ. ಬಿಚ್ಚಿ ಓದುತ್ತದೆ, ಅಷ್ಟೇ. ಅದರ ಶಕ್ತಿಯೂ ಮಿತಿಯೂ ಇದರಲ್ಲೇ ಇದೆ.

ನಾಲ್ಕನೆಯ ಹೆಜ್ಜೆ: ಅದು ನೋಡುವುದನ್ನು ನೀವೂ ಒಮ್ಮೆ ನೋಡಿ

ಬೈನರಿ ಕಡತ ಯಾವ ಪ್ರೊಸೆಸರ್‌ಗೆ ಸೇರಿದ್ದೆಂದು ಓಡಿಸದೆ ಹೇಗೆ ತಿಳಿಯುತ್ತದೆ? ಉತ್ತರ ಕಡತದ ಮೊದಲ 20 ಬೈಟ್‌ಗಳಲ್ಲಿದೆ. ಟರ್ಮಿನಲ್‌ನಲ್ಲಿ ‘ಓಡಿ’ ಎಂಬ ಎರಡಕ್ಷರದ ಆದೇಶಕ್ಕೆ ‘ಟಿ’ ಆಯ್ಕೆಯಲ್ಲಿ ‘ಯು1’, ದೊಡ್ಡಕ್ಷರದ ‘ಎನ್’ ಆಯ್ಕೆಯಲ್ಲಿ 20 ಎಂದು ಕೊಟ್ಟು, ಬಿನ್ ಫೋಲ್ಡರಿನ ‘ಎಲ್‌ಎಸ್’ ಕಡತವನ್ನು ತೋರಿಸಿ. ಎಡ ತುದಿಯಲ್ಲಿ ಬರುವ ಸ್ಥಾನಸೂಚಿಯನ್ನು ಬಿಟ್ಟರೆ ನನ್ನ ಲ್ಯಾಪ್‌ಟಾಪಿನಲ್ಲಿ ಬರುವುದು ಹೀಗೆ:

127 69 76 70 2 1 1 0 0 0 0 0 0 0 0 0
3 0 62 0

127 ಒಂದು ಗುರುತು. 69, 76, 70 ಎಂದರೆ ಇ, ಎಲ್, ಎಫ್ ಅಕ್ಷರಗಳು. ಲಿನಕ್ಸ್‌ನ ಬೈನರಿ ಕಡತದ ರೂಪಕ್ಕೆ ‘ಎಲ್ಫ್’ ಎಂದೇ ಹೆಸರು. ಐದನೆಯ ಬೈಟ್ 2 ಆಗಿದ್ದರೆ 64 ಬಿಟ್, 1 ಆಗಿದ್ದರೆ 32 ಬಿಟ್. ಆರನೆಯದು 1 ಆಗಿದ್ದರೆ ಸಂಖ್ಯೆಯ ಕಿರಿಯ ಬೈಟ್ ಮೊದಲು, 2 ಆಗಿದ್ದರೆ ಹಿರಿಯ ಬೈಟ್ ಮೊದಲು. ಎರಡನೆಯ ಸಾಲಿನ 3 ಕಡತದ ಬಗೆಯನ್ನು ಹೇಳುತ್ತದೆ. ಅದರ ನಂತರದ 62 ನಮಗೆ ಬೇಕಾದ ಪ್ರೊಸೆಸರ್ ಸಂಖ್ಯೆ: ಎಎಂಡಿ64. ಇದೇ ಎಲ್‌ಎಸ್ ಆರ್ಮ್64 ಯಂತ್ರದಲ್ಲಿದ್ದರೆ ಅಲ್ಲಿ 183 ಇರುತ್ತದೆ, ರಿಸ್ಕ್‌ವಿ64ನಲ್ಲಿ 243. ಎಸ್390ಎಕ್ಸ್‌ನಲ್ಲಿ ಎರಡೆರಡು ಬೈಟ್‌ಗಳ ಜೋಡಿಗಳು ತಿರುವುಮುರುವಾಗಿ ‘0 3 0 22’ ಎಂದು ಬರುತ್ತದೆ. ಏಳು ಅಧಿಕೃತ ಆರ್ಕಿಟೆಕ್ಚರ್‌ಗಳಲ್ಲಿ ಹಿರಿಯ ಬೈಟನ್ನು ಮೊದಲಿಡುವುದು ಇದೊಂದೇ.

ಲಿಂಟಿಯನ್ ‘ಫೈಲ್’, ‘ರೀಡ್‌ಎಲ್ಫ್’ ಎಂಬ ಹಳೆಯ ಸಾಧನಗಳಿಂದ ಈ ಮಾಹಿತಿಯನ್ನು ಪಡೆದು, ಪ್ಯಾಕೇಜಿನ ಚೀಟಿಯ ಜೊತೆ ತಾಳೆ ನೋಡುತ್ತದೆ. ಪ್ರೊಸೆಸರ್ ಸಂಖ್ಯೆಯೊಂದೇ ಸಾಲುವುದಿಲ್ಲ. ಆರ್ಮ್‌ಇಎಲ್, ಆರ್ಮ್‌ಎಚ್‌ಎಫ್ ಎರಡರ ಸಂಖ್ಯೆಯೂ 40. ದಶಮಾಂಶ ಸಂಖ್ಯೆಗಳನ್ನು ಫಂಕ್ಷನ್‌ಗೆ ಯಾವ ರಿಜಿಸ್ಟರ್‌ನಲ್ಲಿ ಕಳಿಸಬೇಕು ಎಂಬುದರಲ್ಲಿ ಅವು ಬೇರೆಯಾಗುತ್ತವೆ, ಆ ಗುರುತು ಕಡತದ ಆರಂಭದ ಹೆಡರ್ ಭಾಗದಲ್ಲಿ ಇನ್ನೂ ಮುಂದಿದೆ. ಪಿಪಿಸಿ64ಇಎಲ್ ಮತ್ತು ಹಳೆಯ ಪಿಪಿಸಿ64 ಎರಡೂ 21. ಆರನೆಯ ಬೈಟ್ ನೋಡದೆ ಬೇರ್ಪಡಿಸಲಾಗುವುದಿಲ್ಲ.

ಐದನೆಯ ಹೆಜ್ಜೆ: ಎಚ್ಚರಿಕೆ ಏನು ಹೇಳುತ್ತಿದೆ ಎಂದು ಅರಿಯಿರಿ

‘ಆರ್ಚ್-ಇಂಡಿಪೆಂಡೆಂಟ್-ಪ್ಯಾಕೇಜ್-ಕಂಟೇನ್ಸ್-ಬೈನರಿ-ಆರ್-ಆಬ್ಜೆಕ್ಟ್’ ನಾನು ಅಲಕ್ಷಿಸಿದ ಎಚ್ಚರಿಕೆ. ಚೀಟಿ ‘ಆಲ್’ ಎನ್ನುತ್ತಿದೆ, ಒಳಗೆ ಯಂತ್ರಭಾಷೆಯ ಕಡತ ಇದೆ ಎಂದು ಅರ್ಥ. ಇದು ಬಂದರೆ ಹತ್ತರಲ್ಲಿ ಒಂಬತ್ತು ಸಲ ತಪ್ಪು ನಿಮ್ಮದೇ ಎಂದು ಹಿಡಿದು ಹೊರಡಿ. ನಿಜವಾದ ಅಪವಾದಗಳೂ ಇವೆ. ಆರ್ಡುಯಿನೊ ಬೋರ್ಡುಗಳ ಎವಿಆರ್ ಚಿಪ್‌ಗೆ ಬೇಕಾಗುವ ‘ಎವಿಆರ್-ಲಿಬ್‌ಸಿ’ ಪ್ಯಾಕೇಜಿನಲ್ಲಿ ಯಂತ್ರಭಾಷೆಯ ಕಡತಗಳು ತುಂಬಿವೆ. ಅವು ಓಡುವುದು ಬೋರ್ಡಿನ ಮೇಲೆ, ನಿಮ್ಮ ಗಣಕದ ಮೇಲಲ್ಲ. ಲ್ಯಾಪ್‌ಟಾಪ್ ಯಾವುದಾದರೂ ಕಡತ ಅದೇ. ಅಲ್ಲಿ ‘ಆಲ್’ ಸರಿ.

‘ಬೈನರಿ-ಫ್ರಮ್-ಅದರ್-ಆರ್ಕಿಟೆಕ್ಚರ್’ ಬಂದರೆ, ಚೀಟಿಯಲ್ಲಿ ಆರ್ಮ್64 ಎಂದಿದ್ದು ಒಳಗೆ 62 ಸಂಖ್ಯೆಯ ಕಡತ ಕುಳಿತಿದೆ ಎಂದು ತಿಳಿಯಿರಿ. ಮೂಲ ಲೇಖಕರು ತಮ್ಮ ಯಂತ್ರದಲ್ಲಿ ಕಂಪೈಲ್ ಮಾಡಿದ ಕಡತವನ್ನು ಮೂಲದ ಜೊತೆಗೇ ಸೇರಿಸಿರುವುದು ಸಾಮಾನ್ಯ ಕಾರಣ. ಎಎಂಡಿ64ರಲ್ಲಿ ಕಟ್ಟಿದಾಗ ಈ ಎಚ್ಚರಿಕೆ ಬರುವುದೇ ಇಲ್ಲ, ಏಕೆಂದರೆ ಅಲ್ಲಿ ಚೀಟಿಯೂ ಕಡತವೂ ಹೊಂದುತ್ತವೆ. ‘ನನ್ನ ಕಡೆ ಎಲ್ಲ ಸರಿಯಿದೆ’ ಎನ್ನುವ ಮುನ್ನ ಇದನ್ನು ಯೋಚಿಸಿ. ಪರೀಕ್ಷೆಗೆಂದು ಇಟ್ಟ ಮಾದರಿ ಕಡತಗಳು ತಪ್ಪಿ ಪ್ಯಾಕೇಜಿಗೆ ಸೇರಿದರೂ ಇದೇ ಎಚ್ಚರಿಕೆ ಬರುತ್ತದೆ. 64 ಬಿಟ್ ಪ್ಯಾಕೇಜಿನೊಳಗೆ ‘ಲಿಬ್32’ ಫೋಲ್ಡರಿನಲ್ಲಿ ಬೇಕೆಂದೇ ಇಟ್ಟ 32 ಬಿಟ್ ಲೈಬ್ರರಿಗಳನ್ನು ಮಾತ್ರ ಲಿಂಟಿಯನ್ ಒಪ್ಪಿಕೊಳ್ಳುತ್ತದೆ.

ಇದಕ್ಕೆ ವಿರುದ್ಧ ದಿಕ್ಕಿನದೂ ಒಂದಿದೆ. ಚೀಟಿ ‘ಎನಿ’, ಒಳಗೆ ಯಂತ್ರಕ್ಕೆ ಸೇರಿದ್ದು ಏನೂ ಇಲ್ಲ. ಯಾವುದೂ ಮುರಿಯುವುದಿಲ್ಲವಾದರೂ, ಒಂದೇ ಕಡತಗಳನ್ನು ಏಳು ಸಲ ಕಟ್ಟಿ ಏಳು ಪ್ರತಿ ಇಟ್ಟಂತಾಗುತ್ತದೆ. ತಿದ್ದಿಬಿಡಿ. ‘ಯುಎಸ್‌ಆರ್ ಶೇರ್’ ಫೋಲ್ಡರಿನಲ್ಲಿ ಬೈನರಿ ಕಡತ ಕಂಡರೂ ಲಿಂಟಿಯನ್ ಹೇಳುತ್ತದೆ. ಆ ಜಾಗ ಯಂತ್ರಭೇದವಿಲ್ಲದ ಕಡತಗಳಿಗೆ ಮೀಸಲು.

ಫೆಡೋರ ಎಂಬ ಇನ್ನೊಂದು ಲಿನಕ್ಸ್ ವ್ಯವಸ್ಥೆ ಬಳಸುವವರಿಗೆ ಒಂದು ಮಾತು: ಅಲ್ಲಿ ‘ಆಲ್’ ಬದಲು ‘ನೋಆರ್ಚ್’, ಲಿಂಟಿಯನ್ ಬದಲು ‘ಆರ್‌ಪಿಎಂಲಿಂಟ್’. ಮೇಲಿನ ಎಚ್ಚರಿಕೆಗಳಿಗೆ ಸಮನಾದವು ಅಲ್ಲೂ ಇವೆ.

ಆರನೆಯ ಹೆಜ್ಜೆ: ವಿನಾಯಿತಿ ಕೊಡುವುದಾದರೆ ಅಳೆದು ಕೊಡಿ

ಲಿಂಟಿಯನ್ ಹೇಳಿದ್ದು ನಿಮ್ಮ ಪ್ಯಾಕೇಜಿಗೆ ನಿಜಕ್ಕೂ ಅನ್ವಯಿಸದಿದ್ದರೆ, ಡೆಬಿಯನ್ ಫೋಲ್ಡರಿನಲ್ಲಿ ಪ್ಯಾಕೇಜಿನ ಹೆಸರಿನ ಮುಂದೆ ‘ಲಿಂಟಿಯನ್-ಓವರ್‌ರೈಡ್ಸ್’ ಎಂದಿರುವ ಕಡತದಲ್ಲಿ ವಿನಾಯಿತಿ ಬರೆಯಬಹುದು. ಎಚ್ಚರಿಕೆಯ ಹೆಸರನ್ನಷ್ಟೇ ಬರೆದರೆ ಎಲ್ಲ ಆರ್ಕಿಟೆಕ್ಚರ್‌ಗಳಲ್ಲೂ, ಎಲ್ಲ ಕಡತಗಳಿಗೂ ಅದು ಮೌನವಾಗುತ್ತದೆ. ನಾನು ಮಾಡಿದ್ದು ಅದನ್ನೇ.

ಸರಿಯಾದ ಕ್ರಮ ಇದು. ಸಾಲಿನ ಆರಂಭದಲ್ಲಿ ಪ್ಯಾಕೇಜಿನ ಹೆಸರು, ನಂತರ ಚೌಕ ಆವರಣದೊಳಗೆ ಆರ್ಕಿಟೆಕ್ಚರ್‌ಗಳ ಹೆಸರು, ನಂತರ ‘ಬೈನರಿ’ ಎಂಬ ಪದ, ಒಂದು ಕೋಲನ್, ಆಮೇಲೆ ಎಚ್ಚರಿಕೆಯ ಹೆಸರು, ಕೊನೆಗೆ ಅದು ಅನ್ವಯಿಸುವ ಕಡತ. ಆವರಣದೊಳಗೆ ಆರ್ಮ್‌ಎಚ್‌ಎಫ್ ಎಂದು ಬರೆದರೆ ಅಲ್ಲಿ ಮಾತ್ರ ಮೌನ. ಹೆಸರಿನ ಹಿಂದೆ ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ ಅದೊಂದನ್ನು ಬಿಟ್ಟು ಉಳಿದೆಲ್ಲ ಕಡೆ. ಗುಂಪಿನ ಹೆಸರುಗಳೂ ನಡೆಯುತ್ತವೆ. ಪ್ರತಿ ವಿನಾಯಿತಿಯ ಮೇಲೆ, ಹ್ಯಾಶ್ ಚಿಹ್ನೆಯ ಮುಂದೆ, ಕಾರಣವನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಎರಡು ವರ್ಷದ ನಂತರ ಅದನ್ನು ಓದುವವರು ನೀವೇ ಆಗಿರಬಹುದು.

ಕೊನೆಯ ಹೆಜ್ಜೆ: ಲಿಂಟಿಯನ್‌ಗೆ ಕಾಣದ್ದನ್ನು ಓಡಿಸಿ ನೋಡಿ

ಪ್ಯಾಕೇಜನ್ನು ಎರಡಾಗಿ ಒಡೆದೆ, ಚೀಟಿ ತಿದ್ದಿದೆ, ಆರ್ಮ್64ಗೆ ಕಟ್ಟಿದೆ, ಲಿಂಟಿಯನ್ ಒಂದು ಸಾಲೂ ಹೇಳಲಿಲ್ಲ. ಪೈ ಮೇಲೆ ಪ್ರೋಗ್ರಾಂ ಓಡಿತು. ಆದರೆ ಹೊರಬಂದ ಕನ್ನಡದಲ್ಲಿ ಅಕ್ಷರಗಳ ಬದಲು ಕಸ ಇತ್ತು.

ಕಾರಣ ಹುಡುಕಲು ಒಂದು ಸಂಜೆ ಹಿಡಿಯಿತು. ಯೂನಿಕೋಡ್ ಅಕ್ಷರವನ್ನು ಬೈಟ್‌ಗಳಾಗಿ ಬರೆಯುವ ಕ್ರಮ ಯುಟಿಎಫ್-8. ಯುಟಿಎಫ್-8ರಲ್ಲಿ ‘ಕ’ ಅಕ್ಷರ ಮೂರು ಬೈಟ್: 224, 178, 149. ಸಿ ಭಾಷೆಯಲ್ಲಿ ಒಂದು ಬೈಟನ್ನು ‘ಚಾರ್’ ಎಂಬ ಬಗೆಯಲ್ಲಿ ಇಡುತ್ತೇವೆ. ಅದು ಋಣಸಂಖ್ಯೆಯನ್ನು ಹಿಡಿಯುತ್ತದೆಯೇ ಇಲ್ಲವೇ ಎಂಬುದನ್ನು ಭಾಷೆಯ ನಿಯಮ ಆಯಾ ಯಂತ್ರಕ್ಕೆ ಬಿಟ್ಟಿದೆ. ಎಎಂಡಿ64ರಲ್ಲಿ ಹಿಡಿಯುತ್ತದೆ, ಆದ್ದರಿಂದ ಅದೇ ಮೂರು ಬೈಟ್ ಅಲ್ಲಿ -32, -78, -107 ಆಗುತ್ತವೆ. ‘ಚಾರ್ ಸೊನ್ನೆಗಿಂತ ಕಡಿಮೆಯಿದ್ದರೆ ಅದು ಇಂಗ್ಲಿಷ್ ಅಕ್ಷರವಲ್ಲ, ಹಾಗೇ ದಾಟಿಸು’ ಎಂದು ನಾನು ಬರೆದಿದ್ದೆ. ಆರ್ಮ್64ರಲ್ಲಿ ಚಾರ್ ಎಂದೂ ಸೊನ್ನೆಗಿಂತ ಕಡಿಮೆಯಾಗುವುದಿಲ್ಲ. ಹಾಗಾಗಿ ಕನ್ನಡದ ಪ್ರತಿ ಬೈಟೂ ಇಂಗ್ಲಿಷಿನ ದಾರಿ ಹಿಡಿಯಿತು. ಟ್ರಿಕ್ಸಿಯ ಏಳು ಆರ್ಕಿಟೆಕ್ಚರ್‌ಗಳಲ್ಲಿ ಚಾರ್ ಋಣಸಂಖ್ಯೆ ಹಿಡಿಯುವುದು ಎಎಂಡಿ64ರಲ್ಲಿ ಮಾತ್ರ. ನಮ್ಮಲ್ಲಿ ಬಹುತೇಕರು ಪ್ರೋಗ್ರಾಂ ಬರೆದು ಪರೀಕ್ಷಿಸುವುದೂ ಅದರಲ್ಲೇ. ಇಂಗ್ಲಿಷ್ ಅಕ್ಷರಗಳ ಬೈಟ್ 127ನ್ನು ದಾಟುವುದಿಲ್ಲ, ಆದ್ದರಿಂದ ಇಂಗ್ಲಿಷ್ ಪಠ್ಯವನ್ನೇ ಕೊಟ್ಟು ನೋಡುವವರಿಗೆ ಈ ತಪ್ಪು ಎಲ್ಲಿಯೂ ಸಿಗದು. ಕನ್ನಡಕ್ಕೆ ಮೊದಲ ಅಕ್ಷರದಲ್ಲೇ ಸಿಗುತ್ತದೆ. ಬೈಟ್ ಇಡುವಲ್ಲೆಲ್ಲ ‘ಅನ್‌ಸೈನ್ಡ್ ಚಾರ್’ ಎಂದು ಸ್ಪಷ್ಟವಾಗಿ ಬರೆದು, 127ಕ್ಕಿಂತ ಹೆಚ್ಚೇ ಎಂದು ಕೇಳಿದರೆ ಎರಡೂ ಕಡೆ ಸರಿಯಾಗುತ್ತದೆ.

ಇಂಥದ್ದನ್ನು ಹೆಡರ್ ಓದಿ ತಿಳಿಯಲಾಗದು. ಆರ್ಮ್ ಯಂತ್ರ ಕೈಯಲ್ಲಿಲ್ಲದಿದ್ದರೂ ದಾರಿಯಿದೆ. ಡಿಪಿಕೆಜಿಗೆ ‘ಆಡ್-ಆರ್ಕಿಟೆಕ್ಚರ್’ ಆಯ್ಕೆಯಲ್ಲಿ ಆರ್ಮ್64 ಎಂದು ಹೇಳಿ, ಪ್ಯಾಕೇಜುಗಳನ್ನು ತಂದು ಹಾಕುವ ಆಪ್ಟ್ ಸಾಧನದ ಪಟ್ಟಿಯನ್ನು ಹೊಸದು ಮಾಡಿ. ಬೇರೆ ಪ್ರೊಸೆಸರನ್ನು ಅನುಕರಿಸುವ ಕ್ಯೂಎಮು ತಂತ್ರಾಂಶದ ಯೂಸರ್ ಪ್ಯಾಕೇಜನ್ನು ಹಾಕಿಕೊಳ್ಳಿ. ಬಳಿಕ ಆರ್ಮ್64ಗೆ ಕಟ್ಟಿದ ನಿಮ್ಮ ಡೆಬ್ ಕಡತವನ್ನು ಆಪ್ಟ್‌ಗೆ ಕೊಟ್ಟು ಅಳವಡಿಸಿ. ಲ್ಯಾಪ್‌ಟಾಪಿನಲ್ಲೇ ಆರ್ಮ್ ಪ್ರೋಗ್ರಾಂ ನಿಧಾನವಾಗಿ ಓಡುತ್ತದೆ. ಒಂದೇ ಗಣಕದಲ್ಲಿ ಎರಡು ಆರ್ಕಿಟೆಕ್ಚರ್‌ಗಳ ಲೈಬ್ರರಿಗಳು ಅಕ್ಕಪಕ್ಕ ಇರುವಂತೆ ಡೆಬಿಯನ್ ಏರ್ಪಾಡು ಮಾಡಿದ್ದು 2013ರ ಏಳನೆಯ ಆವೃತ್ತಿಯಲ್ಲಿ.

ಒಮ್ಮೆ ಕೈಯಾರೆ ನೋಡಿದ್ದನ್ನು ಪರೀಕ್ಷೆಯಾಗಿ ಬರೆದಿಡಿ. ಡೆಬಿಯನ್ ಫೋಲ್ಡರಿನೊಳಗೆ ‘ಟೆಸ್ಟ್ಸ್’ ಎಂಬ ಫೋಲ್ಡರ್ ಮಾಡಿ, ಅದರಲ್ಲಿ ಒಂದು ಕಂಟ್ರೋಲ್ ಕಡತ, ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್ ಇಟ್ಟರೆ ‘ಆಟೊಪಿಕೆಜಿಟೆಸ್ಟ್’ ಅದನ್ನು ಓಡಿಸುತ್ತದೆ. ಪ್ಯಾಕೇಜು ಡೆಬಿಯನ್ ಸೇರಿದ ಮೇಲೆ ಅವರ ಪರೀಕ್ಷಾ ಯಂತ್ರಗಳು ಹಲವು ಆರ್ಕಿಟೆಕ್ಚರ್‌ಗಳಲ್ಲಿ ಅದನ್ನೇ ಓಡಿಸುತ್ತವೆ. ನನ್ನ ಸ್ಕ್ರಿಪ್ಟಿನಲ್ಲಿ ಈಗ ನಾಲ್ಕು ಸಾಲಿದೆ. 224, 178, 149 ಎಂಬ ಮೂರು ಬೈಟ್‌ಗಳನ್ನು ಒಳಗೆ ಕಳಿಸಿ, ಹೊರಗೆ ‘ಕ’ ಬಂದಿತೇ ಎಂದು ಅದು ನೋಡುತ್ತದೆ.